ಕಾರಣವನ್ನು ಕನ್ನಡದಲ್ಲಿ ಕೇಳುವ ಹಕ್ಕು



ಗಡಿಯ ಕಲ್ಲು ಎಲ್ಲಿರಬೇಕೆಂಬ ವಾದವು 1956 ರ ನವೆಂಬರ 1 ರಿಂದಲೂ ನಡೆದೇ ಇದೆ. ಮಹಾಜನ ಆಯೋಗವು 1967 ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. 2004 ರಲ್ಲಿ ಮಹಾರಾಷ್ಟ್ರ ಸರಕಾರವು ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋಯಿತು. ಕೋರ್ಟಿನ ವಾದವು ಕಾಯಬಲ್ಲದು. ಆದರೆ ಸಂತೆಯಿಂದ ಮರಳುವ ದಾರಿಯಲ್ಲಿ ಪೋಲೀಸರು ಕೈ ತೋರಿಸಿ ನಿಲ್ಲಿಸಿದ ರೈತನು ಕಾಯಲಾರನು. ಅವನಿಗೆ ಬೇಕಾದುದು ಆ ಗಳಿಗೆಯಲ್ಲಿಯೇ ಬೇಕು. ಆದುದರಿಂದ ಇಂದು ಗಡಿಯ ಮಾತನ್ನು ಬದಿಗಿರಿಸಿ, ಕಲ್ಲು ಎತ್ತ ಸರಿದರೂ ನಮ್ಮ ಕೈಬಿಡದ ಒಂದು ಸ್ವತ್ತನ್ನು ಕುರಿತು ಹೇಳಬಯಸುತ್ತೇವೆ. ಅದು, ಬಂಧನದ ಕಾರಣವನ್ನು ನಮಗೆ ತಿಳಿಯುವ ಭಾಷೆಯಲ್ಲಿ ಪಡೆಯುವ ಹಕ್ಕು.

ಗಡಹಿಂಗ್ಲಜದ ಪೇಟೆಗೆ ಮೆಣಸಿನಕಾಯಿ ಒಯ್ಯುವ ಒಕ್ಕಲಿಗ, ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯುವ ಕೂಲಿಕಾರ, ಕೊಲ್ಹಾಪುರದ ದವಾಖಾನೆಗೆ ತಾಯಿಯನ್ನು ಕರೆದೊಯ್ಯುವ ಮಗ, ಇವರಾರಿಗೂ ಮರಾಠಿ ಬಾರದೆಂದಿಲ್ಲ. ಬೆಲೆ ಕೇಳುವಷ್ಟು, ಬಸ್ಸು ಹಿಡಿಯುವಷ್ಟು, ನೆರೆಯವರೊಡನೆ ನಗುನಗುತ್ತ ಮಾತಾಡುವಷ್ಟು ಮರಾಠಿ ನಮ್ಮೆಲ್ಲರಿಗೂ ಬರುತ್ತದೆ. ಆದರೆ ಸಂತೆಯ ಮರಾಠಿ ಬೇರೆ, ಕಚೇರಿಯ ಮರಾಠಿ ಬೇರೆ. ನಮ್ಮ ಹಳ್ಳಿಗಳಲ್ಲಿ ‘ಅಟಕಾಯಿಸು’ ಎಂದರೆ ದಾರಿಯಲ್ಲಿ ಅಡ್ಡಗಟ್ಟುವುದು. ಪೋಲೀಸರ ಕಾಗದದಲ್ಲಿ ‘ಅಟಕ’ ಎಂದರೆ ಬಂಧನ. ‘ಸಾಕ್ಷೀದಾರ’ ಎಂದು ಬರೆದುಕೊಂಡರೆ ನೀವು ಕಂಡದ್ದನ್ನು ಹೇಳುವವರು. ‘ಆರೋಪಿ’ ಎಂದು ಬರೆದರೆ ಅಪರಾಧ ಹೊತ್ತವರು. ಈ ಎರಡು ಪದಗಳ ನಡುವಿನ ಅಂತರವು ಮನೆಗೂ ತುರಂಗಕ್ಕೂ ಇರುವ ಅಂತರ. ಇಷ್ಟಾಗಿಯೂ, ಮರಾಠಿ ತಿಳಿಯದೆನ್ನಲು ನಾಚಿ, ‘ಹೋಯ್ ಸಾಹೇಬ’ ಎಂದು ತಲೆಯಾಡಿಸಿ, ತೋರಿಸಿದಲ್ಲಿ ಹೆಬ್ಬೆಟ್ಟನ್ನೊತ್ತಿ ಬರುವ ರೂಢಿ ನಮ್ಮಲ್ಲಿದೆ. ಪೋಲೀಸರ ದೋಷವನ್ನು ಎಣಿಸುವ ಮೊದಲು ನಮ್ಮ ಈ ದೋಷವನ್ನು ಒಪ್ಪಿಕೊಳ್ಳೋಣ. ತಿಳಿಯಲಿಲ್ಲವೆಂದು ಹೇಳದವನಿಗೆ ತಿಳಿಸಿ ಹೇಳುವವರು ಯಾರು?

ಕಾಯದೆಯು ಈ ವಿಷಯದಲ್ಲಿ ನಮ್ಮ ಪಕ್ಷದಲ್ಲಿದೆ. ರಾಜ್ಯಘಟನೆಯ 22 ನೆಯ ಕಲಮು, ಬಂಧಿತನಿಗೆ ಬಂಧನದ ಕಾರಣವನ್ನು ಆದಷ್ಟು ಬೇಗನೆ ತಿಳಿಸಬೇಕೆಂದೂ, ಅವನಿಗೆ ತನ್ನ ಇಷ್ಟದ ವಕೀಲನನ್ನು ಕಾಣಗೊಡಬೇಕೆಂದೂ, ಪ್ರಯಾಣದ ವೇಳೆಯನ್ನುಳಿದು 24 ತಾಸುಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದೂ ವಿಧಿಸಿದೆ. ಯಾವ ಭಾಷೆಯಲ್ಲಿ ತಿಳಿಸಬೇಕು? ಈ ಪ್ರಶ್ನೆಗೆ ಉತ್ತರವು ಎರಡು ಸಲ ದೊರೆತಿದೆ. ಎರಡು ಸಲವೂ ಮಹಾರಾಷ್ಟ್ರದ ಮೊಕದ್ದಮೆಯಿಂದಲೇ ದೊರೆತಿದೆ.

ಮೊದಲನೆಯದು 1962 ರಲ್ಲಿ. ನಾಗಪುರದಲ್ಲಿ ಮುಂಜಾಗ್ರತೆಯ ಕಾಯದೆಯಂತೆ ಸೆರೆಯಲ್ಲಿಟ್ಟವನೊಬ್ಬನಿಗೆ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ತನಗೆ ಇಂಗ್ಲಿಷು ಬಾರದು, ಹಿಂದಿಯಲ್ಲಿ ಕೊಡಿರೆಂದು ಅವನು ಕೇಳಿದನು. ಇಂಗ್ಲಿಷು ಸರಕಾರಿ ಭಾಷೆಯೆಂಬ ಉತ್ತರವನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅರ್ಥವಾಗದ ಭಾಷೆಯಲ್ಲಿ ಕಾಗದ ಕೊಟ್ಟರೆ ಕಾರಣ ತಿಳಿಸಿದಂತಾಗದೆಂದು ಹೇಳಿ ಆ ಸೆರೆಯನ್ನು ರದ್ದುಗೊಳಿಸಿತು. ಹರಿಕಿಸನ ವಿರುದ್ಧ ಮಹಾರಾಷ್ಟ್ರ ರಾಜ್ಯವೆಂದು ಆ ತೀರ್ಪು ಪ್ರಸಿದ್ಧವಾಗಿದೆ. ಎರಡನೆಯದು 63 ವರ್ಷಗಳ ತರುವಾಯ, 2025 ರ ನವೆಂಬರ 6 ರಂದು, ಮಿಹಿರ ರಾಜೇಶ ಶಹಾ ವಿರುದ್ಧ ಮಹಾರಾಷ್ಟ್ರ ರಾಜ್ಯವೆಂಬ ಮೊಕದ್ದಮೆಯಲ್ಲಿ ಬಂದಿತು. ಅಪರಾಧ ಯಾವುದೇ ಇರಲಿ, ಬಂಧನದ ಕಾರಣವನ್ನು ಬರಹದಲ್ಲಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡಲೇಬೇಕು. ಸ್ಥಳದಲ್ಲಿಯೇ ಬರೆದುಕೊಡಲು ಆಗದ ಪ್ರಸಂಗದಲ್ಲಿ ಬಾಯಿಂದ ಹೇಳಬಹುದು. ಆದರೆ ರಿಮಾಂಡಿಗಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದಕ್ಕೆ ಕನಿಷ್ಠ 2 ತಾಸು ಮೊದಲು ಬರಹವು ಅವನ ಕೈಸೇರಬೇಕು. ಸೇರದಿದ್ದರೆ ಬಂಧನವೂ ರಿಮಾಂಡೂ ಕಾಯದೆಬಾಹಿರವಾಗುವವು.

ಈ ತೀರ್ಪಿನಿಂದ ಮೊಕದ್ದಮೆಯೇ ಅಳಿದುಹೋಗುವುದೆಂದು ಯಾರೂ ಭ್ರಮಿಸಬಾರದು. ಪೋಲೀಸರು ಕಾರಣವನ್ನು ಸರಿಯಾಗಿ ಬರೆದುಕೊಟ್ಟು ಪುನಃ ಮ್ಯಾಜಿಸ್ಟ್ರೇಟರಲ್ಲಿಗೆ ಹೋಗಬಹುದು. ಆದರೂ ತಾನೇಕೆ ಸೆರೆಯಲ್ಲಿದ್ದೇನೆಂದು ಅರಿತವನು ವಕೀಲನಿಗೆ ಹೇಳಬಲ್ಲನು, ಜಾಮೀನು ಕೇಳಬಲ್ಲನು. ಅರಿಯದವನು ಅಳಬಲ್ಲನು, ಅಷ್ಟೆ. ಗಡಹಿಂಗ್ಲಜದ ಕನ್ನಡಿಗನಿಗೆ ಮರಾಠಿ ಓದಲು ಬಾರದಿದ್ದರೆ ಅವನಿಗೆ ತಿಳಿಯುವ ಭಾಷೆ ಕನ್ನಡ. ಅದನ್ನು ಅವನು ಬೇಡಬೇಕಾಗಿಲ್ಲ, ಕೇಳಿದರೆ ಸಾಕು.

ಇನ್ನು ವ್ಯವಹಾರದ ಮಾತು. 2024 ರ ಜುಲೈ 1 ರಿಂದ ಹಳೆಯ ಫೌಜದಾರಿ ಪ್ರಕ್ರಿಯಾ ಸಂಹಿತೆಯು ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಜಾರಿಯಲ್ಲಿದೆ. ಪೋಲೀಸರೊಡನೆ ನಮ್ಮ ಭೇಟಿಯು ಮೂರು ಮೆಟ್ಟಿಲುಗಳಲ್ಲಿ ಆಗುತ್ತದೆ. ಮೆಟ್ಟಿಲು ಯಾವುದೆಂದು ತಿಳಿಯುವುದೇ ಅರ್ಧ ರಕ್ಷಣೆ.

ಮೊದಲನೆಯ ಮೆಟ್ಟಿಲು ದಾರಿಯಲ್ಲಿ ತಡೆಯುವುದು. ಸಮವಸ್ತ್ರದಲ್ಲಿರುವ ಪೋಲೀಸರು ಕೇಳಿದರೆ ವಾಹನದ ಲೈಸೆನ್ಸನ್ನು ತೋರಿಸಲೇಬೇಕು. ಮೊಬಾಯಿಲಿನ ಡಿಜಿಲಾಕರಿನಲ್ಲಿರುವ ಪ್ರತಿಯೂ ನಡೆಯುತ್ತದೆ. ಕಾಗದಗಳನ್ನು ವಶಪಡಿಸಿಕೊಂಡರೆ ರಸೀದಿ ಕೇಳಿ ಪಡೆಯಿರಿ. ಚಿಕ್ಕೋಡಿಯ ಕೆಎ 23 ಫಲಕದ ಗಾಡಿಯು ಇಚಲಕರಂಜಿಯ ಪೇಟೆಗೆ ಬಂದುದೇ ಅಪರಾಧವಲ್ಲ. ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಗಾಡಿಗೆ ಮಾತ್ರ ಹೊಸ ನೋಂದಣಿ ಬೇಕು. ಹೆಸರು, ಊರು ಕೇಳಿದರೆ ಸರಿಯಾಗಿ ಹೇಳಿರಿ. ಪೋಲೀಸರ ಕಣ್ಣೆದುರಿಗೆ ಸಣ್ಣ ಅಪರಾಧ ಮಾಡಿದವನು ಹೆಸರು ಹೇಳಲು ನಿರಾಕರಿಸಿದರೆ ಅಷ್ಟಕ್ಕಾಗಿಯೇ ಬಂಧಿತನಾಗಬಹುದು. ಓಡಬೇಡಿ, ಕೈ ಮಾಡಬೇಡಿ, ಬೈಯಬೇಡಿ. ‘ನಾನು ಹೋಗಬಹುದೆ, ಇಲ್ಲವೆ ನನ್ನನ್ನು ಬಂಧಿಸಿರುವಿರಾ?’ ಎಂಬ ಒಂದೇ ಪ್ರಶ್ನೆಯನ್ನು ಶಾಂತವಾಗಿ ಕೇಳಿರಿ. 2022 ರ ಡಿಸೆಂಬರಿನಲ್ಲಿ ಗಡಿಯಲ್ಲಿ ಬಿಸಿಯೇರಿ, ವಾಹನಗಳ ಮೇಲೆ ಕಲ್ಲು ಬಿದ್ದು, ಬಸ್ಸುಗಳ ಓಡಾಟ ನಿಂತಿದ್ದು ನಮಗೆಲ್ಲ ನೆನಪಿದೆ. ಅಂಥ ದಿನಗಳಲ್ಲಿ ಪೋಲೀಸರು ಜನರನ್ನು ಹಿಂದಕ್ಕೆ ಕಳಿಸುವ, ಸ್ವಲ್ಪ ಹೊತ್ತು ತಡೆದಿಡುವ ಅಧಿಕಾರವನ್ನು ಪಡೆದಿದ್ದಾರೆ. ಆದರೆ ಅದಕ್ಕೂ 24 ತಾಸುಗಳ ಮಿತಿಯಿದೆ.

ಎರಡನೆಯ ಮೆಟ್ಟಿಲು ಠಾಣೆಗೆ ಕರೆಯುವುದು. ಇದು ಬರಹದ ನೋಟಿಸಿನಿಂದ ಆಗಬೇಕು. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಕೂಡಲೇ ಬಂಧಿಸುವುದು ನಿಯಮವಲ್ಲವೆಂದೂ, ಬಂಧನದ ಅಗತ್ಯಕ್ಕೆ ಕಾರಣ ಬರೆದಿಡಬೇಕೆಂದೂ ಸುಪ್ರೀಂ ಕೋರ್ಟು 2014 ರಲ್ಲಿ ಅರ್ನೇಶ ಕುಮಾರ ಮೊಕದ್ದಮೆಯಲ್ಲಿ ಹೇಳಿದೆ. ಅಂಥಲ್ಲಿ 35 ನೆಯ ಕಲಮಿನ ನೋಟಿಸು ಬರುತ್ತದೆ. ನೋಟಿಸು ಬಂದರೆ ತಪ್ಪದೆ ಹೋಗಿರಿ. ಹೋಗದಿರುವುದೇ ಬಂಧನಕ್ಕೆ ಕಾರಣವಾದೀತು. ಸಾಕ್ಷಿಯಾಗಿ ವಿಚಾರಿಸುವುದಾದರೆ ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ಮೀರಿದ ಮುದುಕರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಠಾಣೆಗೆ ಬರಲು ಒತ್ತಾಯಿಸುವಂತಿಲ್ಲ. ಪೋಲೀಸರೇ ಅವರ ಮನೆಗೆ ಬಂದು ಕೇಳಬೇಕು.

ಮೂರನೆಯ ಮೆಟ್ಟಿಲು ಬಂಧನ. ಬಂಧಿಸುವ ಅಧಿಕಾರಿಯ ಹೆಸರು ಎದೆಯ ಮೇಲೆ ಸ್ಪಷ್ಟವಾಗಿ ಕಾಣಬೇಕು. ಬಂಧನದ ಪತ್ರವೊಂದನ್ನು ಬರೆದು ಮನೆಯವರೊಬ್ಬರ ಇಲ್ಲವೆ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಹಾಕಿಸಬೇಕು. ಬಂಧುವಿಗೆ ಅಥವಾ ಸ್ನೇಹಿತನಿಗೆ ಸುದ್ದಿ ಮುಟ್ಟಿಸಬೇಕು. ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮೈಮೇಲೆ ಪೆಟ್ಟಿದ್ದರೆ ಅದನ್ನು ವೈದ್ಯರಿಗೆ ತೋರಿಸಿ ಬರೆಸಿರಿ. ವಿಚಾರಣೆಯ ನಡುವೆ ವಕೀಲನನ್ನು ಕಾಣಬಹುದು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಅಸಾಧಾರಣ ಪ್ರಸಂಗವಿದ್ದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅಪ್ಪಣೆಯನ್ನು ಮೊದಲು ಪಡೆದು ಬರಬೇಕು. ಶನಿವಾರ ಸಂಜೆ ಹಿಡಿದವನನ್ನು ರವಿವಾರ ಸಂಜೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ರಜೆಯ ನೆವ ನಡೆಯದು. ಹಿಡಿದೊಯ್ದವನ ಸುದ್ದಿಯೇ ತಿಳಿಯದಾದರೆ, ಬಂಧಿತರ ಹೆಸರು ವಿಳಾಸಗಳನ್ನು ಇಡಲು ಪ್ರತಿಯೊಂದು ಠಾಣೆಯಲ್ಲಿಯೂ ಒಬ್ಬ ಅಧಿಕಾರಿಯನ್ನು ನೇಮಿಸಬೇಕೆಂಬ ನಿಯಮವಿದೆ, ಅವರನ್ನು ಕೇಳಿರಿ.

ಎಲ್ಲಕ್ಕಿಂತ ಮುಖ್ಯವಾದುದು ಸಹಿಯ ಮಾತು. ತನಿಖೆಯಲ್ಲಿ ಪೋಲೀಸರಿಗೆ ಕೊಟ್ಟ ಜಬಾಬಿಗೆ ಸಹಿ ಮಾಡಿಸುವುದನ್ನು ಕಾಯದೆಯೇ ನಿಷೇಧಿಸಿದೆ. ಪೋಲೀಸರೆದುರು ಮಾಡಿದ ತಪ್ಪೊಪ್ಪಿಗೆಯು ಕೋರ್ಟಿನಲ್ಲಿ ಸಾಕ್ಷ್ಯವಾಗದೆಂಬುದು 1872 ರ ಕಾಯದೆಯಲ್ಲಿಯೂ ಇತ್ತು, ಈಗಿನ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಲು ಆರೋಪಿಯನ್ನು ಯಾರೂ ಒತ್ತಾಯಿಸುವಂತಿಲ್ಲ. ಪಂಚನಾಮೆ, ಬಂಧನದ ಪತ್ರ, ನೋಟಿಸಿನ ಪೋಚು ಇವುಗಳಿಗೆ ಸಹಿ ಬೇಕಾಗುತ್ತದೆ. ಅಲ್ಲಿ ಮೂರು ಕೆಲಸ ಮಾಡಿರಿ: ಬರೆದುದನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿರಿ, ಹೇಳದಿದ್ದರೆ ‘ಇದನ್ನು ನನಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿಲ್ಲ’ ಎಂದು ಸಹಿಯ ಬದಿಗೆ ಕನ್ನಡದಲ್ಲಿಯೇ ಬರೆಯಿರಿ, ಖಾಲಿ ಕಾಗದಕ್ಕೆ ಮಾತ್ರ ಯಾವ ಕಾಲಕ್ಕೂ ಸಹಿ ಹಾಕಬೇಡಿ.

ಹಕ್ಕು ಮುರಿದರೆ ಎಲ್ಲಿಗೆ ಹೋಗಬೇಕು? ಮೊದಲ ಸ್ಥಳ ಮ್ಯಾಜಿಸ್ಟ್ರೇಟರ ಕಟಕಟೆ. ‘ನನಗೆ ಕಾರಣ ತಿಳಿಸಿಲ್ಲ, ಮರಾಠಿ ಓದಲು ಬಾರದು’ ಎಂದು ಅಲ್ಲಿ ಬಾಯಿಬಿಟ್ಟು ಹೇಳಿರಿ. ಅಲ್ಲಿ ಮೌನವಾಗಿ ನಿಂತು ಊರಿಗೆ ಬಂದು ದೂರಿದರೆ ಫಲವಿಲ್ಲ. ಬಡವನಿಗೆ ವಕೀಲನೆಲ್ಲಿ ಎನ್ನಬೇಡಿ. 1987 ರ ಕಾನೂನು ಸೇವೆಗಳ ಕಾಯದೆಯಂತೆ ಸೆರೆಯಲ್ಲಿರುವವರಿಗೂ ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ, ಆದಾಯ ಎಷ್ಟೇ ಇರಲಿ, ಧರ್ಮಾರ್ಥ ವಕೀಲರನ್ನು ಕೊಡಬೇಕು. 15100 ಎಂಬ ಸಂಖ್ಯೆಗೆ ಫೋನು ಮಾಡಿದರೆ ದಾರಿ ತಿಳಿಯುತ್ತದೆ. ಅಕ್ರಮ ಸೆರೆಯ ವಿರುದ್ಧ ಹೈಕೋರ್ಟಿಗೆ ಹೋಗಲು ಮೊದಲು ಮುಂಬಯಿಯ ದಾರಿ ಹಿಡಿಯಬೇಕಾಗಿತ್ತು. 2025 ರ ಆಗಸ್ಟ 18 ರಿಂದ ಮುಂಬಯಿ ಹೈಕೋರ್ಟಿನ ಪೀಠವು ಕೊಲ್ಹಾಪುರದಲ್ಲಿಯೇ ಕುಳಿತಿದೆ. ಇದಲ್ಲದೆ, ಕುಂದುಕೊರತೆಯ ಅರ್ಜಿಯನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದೆಂದು ರಾಜ್ಯಘಟನೆಯ 350 ನೆಯ ಕಲಮು ಹೇಳುತ್ತದೆ.

ಇದನ್ನೋದಿ ಯಾರೂ ಮರಾಠಿ ಭಾಷೆಯ ಮೇಲೆ, ಪೋಲೀಸರ ಮೇಲೆ ದ್ವೇಷ ತಾಳಬಾರದು. ಠಾಣೆಯ ಜಮಾದಾರನಿಗೆ ಕನ್ನಡ ಬಾರದಿದ್ದುದು ಅವನ ಅಪರಾಧವಲ್ಲ. ಕನ್ನಡ ಬಲ್ಲವರನ್ನು ಕರೆಸುವುದು ಮಾತ್ರ ಅವನ ಕರ್ತವ್ಯ. ಮತ್ತೊಂದನ್ನೂ ಸ್ಪಷ್ಟವಾಗಿ ಹೇಳುತ್ತೇವೆ. ಗಡಹಿಂಗ್ಲಜದಲ್ಲಿ ನಾವು ಕನ್ನಡದಲ್ಲಿ ಕೇಳುವ ಕಾರಣವನ್ನು ಬೆಳಗಾವಿಯ, ನಿಪ್ಪಾಣಿಯ ಮರಾಠಿ ಬಂಧುವು ಕರ್ನಾಟಕದ ಪೋಲೀಸರಿಂದ ಮರಾಠಿಯಲ್ಲಿ ಕೇಳಿದರೆ ಅದು ಅವನಿಗೂ ಸಲ್ಲಬೇಕು. ತನ್ನ ಮನೆಯಲ್ಲಿ ಕೊಡದ ನ್ಯಾಯವನ್ನು ನೆರೆಮನೆಯಲ್ಲಿ ಕೇಳುವವನ ಮಾತಿಗೆ ತೂಕವಿರದು.

ಕೊನೆಗೆ ನಮ್ಮ ವಿಜ್ಞಾಪನೆಯು ಸರಕಾರಕ್ಕಿಂತ ಹೆಚ್ಚಾಗಿ ನಿಮಗೇ ಇದೆ. ಪ್ರತಿಯೊಂದು ಹಳ್ಳಿಯಲ್ಲಿ, ಕಚೇರಿಯ ಮರಾಠಿಯನ್ನು ಓದಿ ಕನ್ನಡದಲ್ಲಿ ಹೇಳಬಲ್ಲ ಇಬ್ಬರನ್ನು ಗೊತ್ತುಮಾಡಿರಿ; ಶಾಲೆಯ ಗುರುಗಳಾಗಲಿ ಕಾಲೇಜಿಗೆ ಹೋಗುವ ತರುಣಿಯಾಗಲಿ ಆದೀತು. ಅವರ ಫೋನು ಸಂಖ್ಯೆಯನ್ನು ಚಾವಡಿಯ ಗೋಡೆಯ ಮೇಲೆ ಬರೆಯಿಸಿರಿ. ಯಾರನ್ನಾದರೂ ಠಾಣೆಗೆ ಕರೆದರೆ ಅವರಲ್ಲೊಬ್ಬರು ಜೊತೆಯಲ್ಲಿ ಹೋಗಲಿ. ಮತ್ತು ಇಂದು ರಾತ್ರಿ ಊಟವಾದ ಮೇಲೆ, ಓದಲು ಬಾರದ ತಂದೆತಾಯಿಗಳಿಗೆ ಈ ಪುಸ್ತಿಕೆಯನ್ನು ಒಮ್ಮೆ ಓದಿ ಹೇಳಿರಿ. ಮರಾಠಿ ತಿಳಿಯದೆನ್ನಲು ನಾಚಬೇಕಾಗಿಲ್ಲ. ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಮಾತ್ರ ಅಂಜಬೇಕು.