ಪಲ್ಟಣದಿಂದ ಮರಳಿದವರ ಮನೆ

ನಮ್ಮ ಅಕ್ಕಲಕೋಟೆ ಹಾಗೂ ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ರೂಢಿ ಬೆಳೆದಿದೆ. ಸೈನ್ಯದಿಂದ ನಿವೃತ್ತನಾದವನು ಊರಿಗೆ ಬರುವ ದಿನ ಊರವರೆಲ್ಲ ಅಗಸಿಯ ಹೊರಗೆ ನೆರೆದು ಅವನನ್ನು ಎದುರುಗೊಳ್ಳುತ್ತಾರೆ. ತೆರೆದ ಜೀಪು, ಹಲಗೆ, ಲೇಜಿಮು, ತಲೆಗೆ ಫೇಟೆ, ಹೆಗಲಿಗೆ ಶಾಲು. ಓಣಿಯ ಉದ್ದಕ್ಕೂ ತಾಯಂದಿರು ಆರತಿ ಹಿಡಿದು ನಿಂತಿರುತ್ತಾರೆ. ಶಾಲೆಯ ಮಕ್ಕಳನ್ನೂ ಸಾಲಾಗಿ ನಿಲ್ಲಿಸುತ್ತೇವೆ. ಇದು ಸಂತೋಷದ ಸಂಗತಿಯೇ. ನಮ್ಮ ಬಾಲ್ಯದಲ್ಲಿ ಫೌಜಿಯೊಬ್ಬನು ಟ್ರಂಕು ಹೊತ್ತು ಸಂಜೆಯ ಎಸ್.ಟಿ.ಯಿಂದ ಇಳಿದು ಸದ್ದಿಲ್ಲದೆ ಮನೆ ಸೇರುತ್ತಿದ್ದನು. ಮರುದಿನ ಬಾವಿಯ ಕಟ್ಟೆಯ ಮೇಲೆ ಕಂಡಾಗಲೇ ಅವನು ಬಂದ ಸುದ್ದಿ ಊರಿಗೆ ತಿಳಿಯುತ್ತಿತ್ತು.

ಆದರೆ ಮೆರವಣಿಗೆಯ ಮೂರು ತಿಂಗಳ ತರುವಾಯ ಅದೇ ವ್ಯಕ್ತಿಯು ಕಾಗದಪತ್ರಗಳ ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಸೊಲ್ಲಾಪುರದ ಬಸ್ಸಿಗಾಗಿ ಒಬ್ಬನೇ ಕಾದು ನಿಂತಿರುವುದನ್ನು ನಾವು ನೋಡುತ್ತೇವೆ. ಆಗ ಜೊತೆಗೆ ಹೋಗುವವರು ಯಾರೂ ಇರುವುದಿಲ್ಲ. ಧ್ವನಿವರ್ಧಕಕ್ಕೆ ಒಂದು ಸಂಜೆ ಸುರಿದ ಹಣದಲ್ಲಿ ಎಷ್ಟು ಸಲ ಸೊಲ್ಲಾಪುರಕ್ಕೆ ಹೋಗಿಬರಬಹುದಿತ್ತೆಂದು ಲೆಕ್ಕ ಹಾಕುವುದು ಮಾಸ್ತರರ ಕೆಟ್ಟ ಚಟವೆಂದು ಓದುಗರು ನಗಬಹುದು, ನಗಲಿ.

ಸಾತಾರಾ ಜಿಲ್ಲೆಯ ಅಪಶಿಂಗೆ ಎಂಬ ಗ್ರಾಮದ ಹೆಸರನ್ನು ಹಲವರು ಕೇಳಿರಬಹುದು. ಊರಿನ ಹೆಸರಿಗೇ 'ಮಿಲಿಟರಿ' ಎಂಬ ಪದ ಅಂಟಿಕೊಂಡಿದೆ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಆ ಊರಿನ 46 ಮಂದಿ ಯೋಧರ ಸ್ಮಾರಕವು ಇಂದಿಗೂ ಅಲ್ಲಿದೆ. ಅಂಥ ಊರಿನಲ್ಲಿ ನಿವೃತ್ತಿವೇತನದ ನಿಯಮಗಳು ಮನೆಮಾತು. ಒಬ್ಬರಿಗೆ ಗೊತ್ತಿಲ್ಲದ್ದು ನೆರೆಮನೆಯವರಿಗೆ ಗೊತ್ತಿರುತ್ತದೆ. ನಮ್ಮ ಭೀಮಾತೀರದ ಊರುಗಳ ಸ್ಥಿತಿ ಬೇರೆ. ಬೆಳಗಾವಿಯಲ್ಲಿ 1922ರಿಂದ ನೆಲೆಸಿರುವ ಮರಾಠಾ ಲಘು ಪದಾತಿದಳದ ಕೇಂದ್ರಕ್ಕೂ ಇತರ ದಳಗಳಿಗೂ ನಮ್ಮಲ್ಲಿಂದ ಹುಡುಗರು ಹೋಗುತ್ತಾರಾದರೂ ಊರಿಗೆ ಇಬ್ಬರು, ಮೂವರು ಎಂಬಂತೆ. ಆದ್ದರಿಂದ ಪ್ರತಿಯೊಂದು ಮನೆಯೂ ತನ್ನ ತೊಡಕನ್ನು ಮೊದಲಿನಿಂದ ತಾನೇ ಬಿಡಿಸಿಕೊಳ್ಳಬೇಕಾಗುತ್ತದೆ.

ತೊಡಕಿನ ಮೊದಲ ಎಳೆ ಭಾಷೆಯದು. ಸೈನ್ಯದ ದಾಖಲೆ ಕಚೇರಿಯ ಪತ್ರವು ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿ ಬರುತ್ತದೆ. ಜಿಲ್ಲಾ ಸೈನಿಕ ಕಲ್ಯಾಣ ಕಾರ್ಯಾಲಯದ ಸೂಚನೆ, ತಲಾಠಿಯ ಉತಾರ, ಗ್ರಾಮಪಂಚಾಯತಿಯ ದಾಖಲೆ ಮರಾಠಿಯಲ್ಲಿರುತ್ತವೆ. ಪತ್ರವನ್ನು ಕೈಯಲ್ಲಿ ಹಿಡಿದ ಮನೆಯೊಡತಿಯು ಕಲಿತದ್ದು ಕನ್ನಡ ಶಾಲೆಯಲ್ಲಿ. ಗಂಡನು ಮನೆಯಲ್ಲಿರುವತನಕ ಅವನೇ ದುಭಾಷಿ. ಅವನು ಕಣ್ಮುಚ್ಚಿದ ದಿನವೇ ಆ ಮನೆಯು ಸರಕಾರದೊಂದಿಗೆ ಮಾತಾಡುವ ಬಾಯಿಯನ್ನೂ ಕಳೆದುಕೊಳ್ಳುತ್ತದೆ.

ಎರಡನೆಯ ಎಳೆ ಹೆಸರಿನದು, ಮತ್ತು ಇದೇ ಹೆಚ್ಚು ಬಿಗಿಯಾದದ್ದು. ನಮ್ಮ ಸೀಮೆಯ ಸೊಸೆಯಂದಿರು ಬಹುತೇಕ ಇಂಡಿ, ಅಫಜಲಪುರ, ಆಳಂದ ತಾಲೂಕುಗಳಿಂದ ಬರುತ್ತಾರೆ. ರಾಜ್ಯದ ಗಡಿಯನ್ನು 1956ರಲ್ಲಿ ಎಳೆದರೂ ಬೀಗತನಕ್ಕೆ ಯಾರೂ ಗೆರೆ ಎಳೆಯಲಿಲ್ಲ. ತವರಿನ ಶಾಲೆಯಲ್ಲಿ ಹುಡುಗಿಯ ಹೆಸರು ಶಿವಲೀಲಾ ಎಂದಿರುತ್ತದೆ, ಮುಂದೆ ತಂದೆಯ ಹೆಸರು. ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆದು ಅವಳನ್ನು ಭಾಗ್ಯಶ್ರೀ ಮಾಡುತ್ತಾರೆ. ರೇಶನ್ ಕಾರ್ಡಿನಲ್ಲಿ ಭಾಗ್ಯಶ್ರೀ, ಮುಂದೆ ಗಂಡನ ಹೆಸರು, ಅದರ ಮುಂದೆ ಅಡ್ಡಹೆಸರು. ಆಧಾರ್ ಕಾರ್ಡನ್ನು ತವರಿನಲ್ಲಿ ಮಾಡಿಸಿದ್ದರೆ ಅದರಲ್ಲಿ ಮತ್ತೆ ಶಿವಲೀಲಾ. ಗಂಡನು ರಜೆ ಮುಗಿಸಿ ಪಲ್ಟಣಕ್ಕೆ ಮರಳಿ ಕಾರಕೂನನಿಗೆ ಬಾಯಿಯಿಂದ ಹೇಳಿ ಬರೆಸಿದ್ದು ಇವೆರಡರ ನಡುವಿನ ಮೂರನೆಯದು. ಬಸವರಾಜನು ಬಸ್ವರಾಜನಾಗುವುದು, ಸಿದ್ದಣ್ಣನ ದಕಾರವು ಒಂದಾಗುವುದು, ಇವೆಲ್ಲ ಇದರ ಮೇಲಿನ ಒಗ್ಗರಣೆ. ಹುಟ್ಟಿದ ದಿನಾಂಕದ ಮಾತಂತೂ ಬೇಡ. ಹಿಂದಿನ ಕಾಲದ ಮಾಸ್ತರರು ಶಾಲೆಗೆ ಸೇರಿಸುವಾಗ ಜನ್ಮದಿನ ತಿಳಿಯದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಆ ಲೆಕ್ಕದಂತೆ ಅರ್ಧ ಊರು ಒಂದೇ ದಿನ ಹುಟ್ಟಿದೆ.

ಗಂಡನು ಬದುಕಿರುವವರೆಗೆ ಈ ಭೇದ ಯಾರಿಗೂ ಕಾಣುವುದಿಲ್ಲ, ಅವನ ವೇತನವು ಅವನ ಹೆಸರಿಗೆ ಬರುತ್ತಿರುತ್ತದೆ. ಅವನು ತೀರಿಕೊಂಡ ಮೇಲೆ ಪತ್ನಿಗೆ ಸಲ್ಲಬೇಕಾದ ಕುಟುಂಬ ನಿವೃತ್ತಿವೇತನವು, ಸಾಮಾನ್ಯ ದರದಲ್ಲಿ ಕೊನೆಯ ವೇತನದ ನೂರಕ್ಕೆ 30, ಈ ಒಂದು ಅಕ್ಷರದ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ನಾವು ಬಲ್ಲ ಒಂದು ಮನೆಯಲ್ಲಿ ಹವಾಲ್ದಾರರು ತೀರಿಕೊಂಡು ಎರಡು ದೀಪಾವಳಿಗಳು ಕಳೆದರೂ ಅವರ ಪತ್ನಿಗೆ ಒಂದು ರೂಪಾಯಿಯೂ ಬಂದಿರಲಿಲ್ಲ. ಆ ತಾಯಿಯು ಹಿರಿಯ ಮಗನನ್ನು ಕಾಲೇಜು ಬಿಡಿಸಿ ಸೊಲ್ಲಾಪುರದ ಚಾದರ ಕಾರಖಾನೆಗೆ ಕಳಿಸಿದ್ದರು. ಕೊನೆಗೆ ಕೆಲಸಕ್ಕೆ ಬಂದದ್ದು ನದಿಯಾಚೆಯ ಅವರ ತವರಿನ ಪ್ರಾಥಮಿಕ ಶಾಲೆಯ ಹಳೆಯ ದಾಖಲಾ ಪುಸ್ತಕದ ಒಂದು ಸಾಲು. ಅಲ್ಲಿಯ ಮುಖ್ಯಗುರುಗಳು ಅದರ ನಕಲನ್ನು ಸಹಿ, ಶಿಕ್ಕೆಗಳೊಂದಿಗೆ ಕೊಟ್ಟರು. ಊರಿನ ತರುಣನೊಬ್ಬನು ಅದನ್ನು ಇಂಗ್ಲಿಷಿಗೆ ಇಳಿಸಿದನು. ಇಬ್ಬರ ಹೆಸರಿನ ವ್ಯಕ್ತಿ ಒಬ್ಬಳೇ ಎಂಬ ಅಫಿಡವಿಟ್ಟು ಅದಕ್ಕೆ ಜೋಡಿಯಾಯಿತು. ಹಣವು ಬಾಕಿಯ ಸಹಿತ ಬಂದಿತು. ಮಗನು ಮಾತ್ರ ಕಾಲೇಜಿಗೆ ಮರಳಲಿಲ್ಲ.

ಇದನ್ನು ಗಂಡನು ಬದುಕಿರುವಾಗಲೇ ಸರಿಪಡಿಸಿಕೊಳ್ಳುವುದು ಎಷ್ಟೋ ಸುಲಭ. ಸೇವೆಯಲ್ಲಿರುವವನು ಮದುವೆಯ ವಿಷಯವನ್ನೂ ಮಕ್ಕಳ ಜನನವನ್ನೂ ತನ್ನ ಘಟಕಕ್ಕೆ ತಿಳಿಸಿ ಆದೇಶದ ಎರಡನೆಯ ಭಾಗದಲ್ಲಿ, ಅಂದರೆ ಫೌಜಿಗಳು 'ಪಾರ್ಟ್ ಟೂ ಆರ್ಡರ್' ಎನ್ನುವುದರಲ್ಲಿ, ಪ್ರಕಟವಾಗುವಂತೆ ನೋಡಿಕೊಳ್ಳಬೇಕು. ರಜೆಗೆ ಬಂದ ಮಗನನ್ನು ತಂದೆತಾಯಿಗಳು ಹೋಳಿಗೆಯೊಂದಿಗೆ ಈ ಪ್ರಶ್ನೆಯನ್ನೂ ಕೇಳಲಿ. ನಿವೃತ್ತನಾದವನು ತನ್ನ ಬಿಡುಗಡೆ ಪುಸ್ತಕವನ್ನೂ ಪಿಂಚಣಿಯ ಆದೇಶವನ್ನೂ ತೆರೆದು ಪತ್ನಿಯ ಹೆಸರು, ಅವಳ ಜನ್ಮದಿನಾಂಕಗಳನ್ನು ಆಧಾರ್ ಕಾರ್ಡಿನೊಡನೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಬೇಕು. ಭೇದವಿದ್ದರೆ ಗಂಡಹೆಂಡಿರಿಬ್ಬರ ಜಂಟಿ ಅಫಿಡವಿಟ್ಟು, ಜಂಟಿ ಭಾವಚಿತ್ರ, ಮದುವೆಯ ಪುರಾವೆಗಳೊಂದಿಗೆ ಜಿಲ್ಲಾ ಸೈನಿಕ ಕಲ್ಯಾಣ ಕಾರ್ಯಾಲಯದ ಮುಖಾಂತರ ತನ್ನ ದಳದ ದಾಖಲೆ ಕಚೇರಿಗೆ ಬರೆಯಬೇಕು. ಅಲ್ಲಿಂದ ಪ್ರಯಾಗರಾಜದ ಪಿಂಚಣಿ ಕಚೇರಿಗೆ ಹೋಗಿ ತಿದ್ದುಪಡಿಯ ಆದೇಶ ಬರುತ್ತದೆ. ಈಗ 'ಸ್ಪರ್ಶ' ಎಂಬ ಗಣಕಯಂತ್ರದ ವ್ಯವಸ್ಥೆಯೂ ಬಂದಿರುವುದರಿಂದ ಅದರಲ್ಲಿಯ ವಿವರವನ್ನೂ ನೋಡಿಕೊಳ್ಳುವುದು ಅವಶ್ಯ. ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರಕ್ಕೆ ಬೆರಳಿನ ಗುರುತು ಮೂಡದ ವೃದ್ಧರು ಹೆದರಬೇಕಾಗಿಲ್ಲ. 2021ರಿಂದ ಮುಖವನ್ನು ತೋರಿಸಿಯೂ ಅದನ್ನು ಸಲ್ಲಿಸುವ ಅನುಕೂಲವಿದೆ. ಹೊಲದಲ್ಲಿ ದುಡಿದ ಕೈಯ ರೇಖೆ ಸವೆಯುತ್ತದೆ ಎಂಬುದು ಕೊನೆಗೂ ಯಂತ್ರಕ್ಕೆ ತಿಳಿಯಿತು.

ಸೌಲಭ್ಯಗಳು ಇಲ್ಲವೆಂದಲ್ಲ, ಕೇಳುವವರು ಕಡಿಮೆ. ಹದಿನೈದು ವರ್ಷ ತುಂಬದೆ ಮರಳಿದ ಸಿಪಾಯಿಗೆ ಸಾಮಾನ್ಯವಾಗಿ ಸೇವಾ ಪಿಂಚಣಿಯಿಲ್ಲ. ಅಂಥ 65 ದಾಟಿದ ಬಡ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿಯು ಕೊಡುವ ತಿಂಗಳ ನೆರವನ್ನು 2025ರ ನವೆಂಬರ್ 1ರಿಂದ 4,000 ರೂಪಾಯಿಯಿಂದ 8,000ಕ್ಕೆ ಏರಿಸಲಾಯಿತು; ಮಕ್ಕಳ ಶಿಕ್ಷಣದ ನೆರವು ತಲೆಗೆ ತಿಂಗಳಿಗೆ 2,000 ಆಯಿತು, ಮಗಳ ಮದುವೆಯ ನೆರವು ಒಂದು ಲಕ್ಷವಾಯಿತು. ಮಾಜಿ ಸೈನಿಕರ ಮನೆಪಟ್ಟಿಯನ್ನು ಮಾಫಿ ಮಾಡುವ ನಿರ್ಣಯವನ್ನು ಮಹಾರಾಷ್ಟ್ರ ಸರಕಾರವು 2020ರಲ್ಲಿಯೇ ಕೈಗೊಂಡಿತು. ಗ್ರಾಮಪಂಚಾಯತಿಗೆ ಇದನ್ನು ನೆನಪಿಸಿದ ಮನೆಗಳೆಷ್ಟು? ಪ್ರತಿ ಡಿಸೆಂಬರ್ 7ರಂದು, 1949ರಿಂದ ನಡೆದು ಬಂದಂತೆ, ನಮ್ಮ ಮಕ್ಕಳು ಕೆಂಪು, ಕಡುನೀಲಿ, ತಿಳಿನೀಲಿಯ ಚಿಕ್ಕ ಧ್ವಜಗಳನ್ನು ಹಂಚಿ ನಾಣ್ಯ ಕೂಡಿಸುತ್ತಾರೆ. ಆ ನಿಧಿಯಿಂದ ಕೊಡುವ ನೆರವಿಗೆ ಹಕ್ಕುದಾರಳಾದ ಅಜ್ಜಿಯು ಅದೇ ಓಣಿಯಲ್ಲಿರುತ್ತಾಳೆ. ಅವಳ ಬಾಗಿಲಿಗೂ ಹೋಗಿ ಎರಡು ರೂಪಾಯಿ ಕೇಳಿ ಬರುತ್ತಾರೆ.

ವಿಧವೆಯರ ಮಾತು ಬಂದಿತು. ಹುತಾತ್ಮನ ಶವಪೆಟ್ಟಿಗೆ ಬಂದ ದಿನ ಘೋಷಣೆ ಕೂಗಿದ ಊರೇ ಹತ್ತನೆಯ ದಿನ ಅವನ ಪತ್ನಿಯ ಬಳೆ ಒಡೆದು ಕುಂಕುಮ ಅಳಿಸುತ್ತದೆ. ಮುಂದೆ ಜನವರಿ 26ಕ್ಕೆ ಅವಳನ್ನು ವೇದಿಕೆಗೆ ಕರೆದು ಗೌರವಿಸುತ್ತಾರೆ, ನೆರೆಮನೆಯ ಸೀಮಂತಕ್ಕೆ ಮಾತ್ರ ಕರೆಯುವುದಿಲ್ಲ. ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಗ್ರಾಮಪಂಚಾಯತಿಯು 2022ರ ಮೇ ತಿಂಗಳಲ್ಲಿ ಈ ವಿಧವಾ ವಿಧಿಗಳನ್ನು ನಿಲ್ಲಿಸುವ ಠರಾವು ಮಾಡಿತು. ಅದೇ ತಿಂಗಳು ಸರಕಾರವು ಅದನ್ನು ಮಾದರಿಯಾಗಿಟ್ಟುಕೊಳ್ಳಲು ಎಲ್ಲ ಪಂಚಾಯತಿಗಳಿಗೂ ಸೂಚಿಸಿತು. ಹೇರವಾಡವೂ ನಮ್ಮಂತೆಯೇ ಗಡಿಯ ಊರು. ನಮ್ಮ ಗ್ರಾಮಸಭೆಗಳಲ್ಲಿ ಈ ವಿಷಯ ತೆಗೆದಾಗ ಹಿರಿಯರು ನೆಲ ನೋಡುತ್ತ ಕೂಡುತ್ತಾರೆ.

ಇನ್ನು ಮರಳಿ ಬಂದ ಗಂಡಸಿನ ಕಷ್ಟ. ಅವನಿಗೆ ಇನ್ನೂ ನಾಲ್ವತ್ತು ದಾಟಿರುವುದಿಲ್ಲ. ಹದಿನೇಳು ವರ್ಷ ಹೊಲ ನೋಡಿಕೊಂಡ ತಮ್ಮನಿಗೆ ಪಾಲಿನ ಭಯ, ಮಕ್ಕಳಿಗೆ ಅಪ್ಪನ ಶಿಸ್ತಿನ ಭಯ, ಅವನಿಗೆ ಬೆಳಗಿನ ನಾಲ್ಕು ಗಂಟೆಗೆ ಎಚ್ಚರವಾಗಿ ಮಾಡಲು ಕೆಲಸವಿಲ್ಲದ ಭಯ. ಸಂಜೆಯ ಬಾಟಲಿಯ ಸುತ್ತ ಗೆಳೆಯರು ತಾವಾಗಿಯೇ ಕೂಡುತ್ತಾರೆ. ಊರಿನ ಶಾಲೆ, ಸೊಸಾಯಿಟಿ, ಜಾತ್ರಾ ಸಮಿತಿಗಳು ಅವನಿಗೆ ಮೊದಲ ಆರು ತಿಂಗಳಲ್ಲಿಯೇ ಒಂದು ಹೊಣೆಯನ್ನು ವಹಿಸುವುದು ಲೇಸು. ಮೈಂದರಗಿ, ದುಧನಿ, ನಾಗಣಸೂರಗಳ ಸುತ್ತಿನ ಹುಡುಗರು ಭರತಿಗಾಗಿ ಕತ್ತಲಲ್ಲಿ ರಸ್ತೆಯ ಮೇಲೆ ಓಡುತ್ತಾರೆ. ಅವರನ್ನು ಓಡಿಸಲು ಇವನಿಗಿಂತ ತಕ್ಕವನು ಯಾರು?

ಆ ಹುಡುಗರ ವಿಷಯದಲ್ಲಿಯೂ ಒಂದು ಮಾತು. 2022ರ ಜೂನಿನಲ್ಲಿ ಘೋಷಿತವಾದ ಅಗ್ನಿಪಥ ಯೋಜನೆಯಂತೆ ಸೇರಿದವರ ಅವಧಿ ನಾಲ್ಕು ವರ್ಷ. ಅವರಲ್ಲಿ ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನು ಮುಂದುವರಿಸುವ ನಿಯಮ. ಸೈನ್ಯದ ಮೊದಲ ತಂಡದ ತರಬೇತಿ 2023ರ ಜನವರಿಯಲ್ಲಿ ಆರಂಭವಾದ್ದರಿಂದ ಅವರ ಅವಧಿ 2027ರ ಆರಂಭದ ಹೊತ್ತಿಗೆ ತುಂಬುವ ಲೆಕ್ಕ. ಉಳಿದವರು ಸುಮಾರು ಹನ್ನೊಂದೂವರೆ ಲಕ್ಷ ರೂಪಾಯಿಯ ಸೇವಾನಿಧಿಯೊಂದಿಗೆ, ಪಿಂಚಣಿಯಿಲ್ಲದೆ, ಇಪ್ಪತ್ತೈದರ ಒಳಹೊರಗಿನ ವಯಸ್ಸಿಗೆ ಊರಿಗೆ ಬರುತ್ತಾರೆ. ಆ ಹಣದ ಮೇಲೆ ಮೊದಲು ಕಣ್ಣಿಡುವವರು ಟ್ರ್ಯಾಕ್ಟರ್ ಮಾರುವವರೂ ಹೆಣ್ಣಿನ ಕಡೆಯವರೂ ಎಂಬುದನ್ನು ನಾವು ಬಲ್ಲೆವು. ಬಂದವನನ್ನು ಪದವಿ ಮುಗಿಸುವಂತೆ ಒಪ್ಪಿಸಲು ಊರಿನಲ್ಲಿ ಒಬ್ಬರಾದರೂ ಇರಬೇಕು.

ಬರುವ ಶ್ರಾವಣದ ಬಳಿಕ ಮತ್ತೆ ಮದುವೆಯ ಮಾತುಕತೆಗಳು ಏಳುವವು. ಫೌಜಿಗೆ ಮಗಳನ್ನು ಕೊಡುವ ಆಚೆದಂಡೆಯ ಬೀಗರು ನಿಶ್ಚಯದ ದಿನವೇ ಅವಳ ಶಾಲೆ ಬಿಟ್ಟ ದಾಖಲೆಯ ನಕಲೊಂದನ್ನು ಇವರ ಕೈಗೆ ಕೊಡಲಿ. ಅಕ್ಕಿಯ ಮೇಲೆ ಯಾವ ಹೆಸರನ್ನೇ ಬರೆಯಲಿ, ಪಲ್ಟಣದ ಕಾಗದಕ್ಕೆ ಆ ದಾಖಲೆಯಲ್ಲಿದ್ದ ಹೆಸರನ್ನೇ ಬರೆಸಲಿ.