ಹಾಡಿನ ದ್ವೀಪಕ್ಕೆ ಹೊರಟವರೇ, ಮೊದಲು ಕೃಷ್ಣೆ ದಾಟಿ!

ಗೆಳೆಯರೇ, ಈ ವಾರ ಬಂದ ಕಾಗದಗಳಲ್ಲಿ ಒಂದೇ ರಾಗ! ಮಾನ್ವಿಯಿಂದ ಮೂವರು, ದೇವದುರ್ಗದಿಂದ ಒಬ್ಬ, ರಾಯಚೂರು ಸಿಟಿಯಿಂದ ಇನ್ನಿಬ್ಬರು. "ಹಾಡಿನಾಗ ತೋರಸ್ತಾರಲ್ರೀ, ನೀಲಿ ಸಮುದ್ರ, ಬೆಳ್ಳನ ಮನಿಗಳು, ಮ್ಯಾಲೆ ನೀಲಿ ಗುಮ್ಮಟ... ಅಲ್ಲಿಗೆ ಹೋಗಬೇಕಂದ್ರ ಏನೇನು ತಯಾರಿ ಮಾಡ್ಕೋಬೇಕು?"

ಆ ಊರಿನ ಹೆಸರು ಸ್ಯಾಂಟೊರಿನಿ. ಮೆಡಿಟರೇನಿಯನ್ ಕಡೆಯ ಗ್ರೀಸ್ ದೇಶದ ದ್ವೀಪ. ಡ್ಯುಯೆಟ್ ಬಂತೆಂದರೆ ನಿರ್ಮಾಪಕರಿಗೆ ದ್ವೀಪದ ನೆನಪಾಗೋದು ಇವತ್ತಿನ ಚಟವೇನಲ್ಲ. 1978ರಲ್ಲೇ ದ್ವಾರಕೀಶ್ ಅವರು ವಿಷ್ಣುವರ್ಧನ್ ಅವರನ್ನು ಕರೆದುಕೊಂಡು ಹೋಗಿ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ಮಾಡಿ ತಂದರು. ಸಿಂಗಾಪುರವೂ ದ್ವೀಪವೇ ಅಲ್ಲವೇ!

ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತೇನೆ. ಮೊದಲು ಪಾಸ್‌ಪೋರ್ಟ್. 36 ಪುಟದ್ದಕ್ಕೆ 1,500 ರೂಪಾಯಿ, ಹತ್ತು ವರ್ಷ ಬಾಳುತ್ತೆ. ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು, ಆದ್ದರಿಂದ ಧೈರ್ಯವಾಗಿ ಹೇಳ್ತೀನಿ: ಅದಕ್ಕೆ ಡಿಗ್ರಿ ಏನೂ ಬೇಕಾಗಿಲ್ಲ. ಆಮೇಲೆ ವೀಸಾ. ಗ್ರೀಸ್, ಇಟಲಿ, ಮಾಲ್ಟಾ ಎಲ್ಲಕ್ಕೂ ಷೆಂಗೆನ್ ಅನ್ನುವ ಒಂದೇ ವೀಸಾ. 2024ರ ಜೂನ್‌ನಿಂದ ಅದರ ಶುಲ್ಕ 90 ಯೂರೋ. ಸಿಗಲಿ ಬಿಡಲಿ, ಕಟ್ಟಿದ ದುಡ್ಡು ವಾಪಸ್ಸಿಲ್ಲ! 30,000 ಯೂರೋ ಆಸ್ಪತ್ರೆ ಖರ್ಚು ತುಂಬುವ ವಿಮೆ, ಬ್ಯಾಂಕಿನ ಲೆಕ್ಕ, ಹೋಗಿಬರುವ ಟಿಕೆಟಿನ ಬುಕಿಂಗು, ಉಳಿಯುವ ಜಾಗದ ಚೀಟಿ, ಎಲ್ಲಾ ಕೈಯಲ್ಲಿರಬೇಕು. ಹೊರಡುವುದಕ್ಕೆ ಆರು ತಿಂಗಳ ಒಳಗೆ, ಹದಿನೈದು ದಿನಕ್ಕೆ ಮುಂಚೆ ಅರ್ಜಿ ಹಾಕಬೇಕು. ಬ್ಯಾಂಕ್ ಪಾಸ್‌ಬುಕ್ ತೆಗೆದು ನೋಡಿದಿರಾ? ನಾನೂ ನೋಡಿದೆ. ಮುಚ್ಚಿಟ್ಟೆ.

ಕಾಗದಪತ್ರದ ಮಾತು ಅಷ್ಟಕ್ಕಿರಲಿ. ದ್ವೀಪ ಅಂದರೇನು? ನಾಲ್ಕೂ ಕಡೆ ನೀರು. ಬೇಸರ ಬಂತು ಅಂತ ಎದ್ದು ನಡೆದು ಬರೋ ಹಾಗಿಲ್ಲ. ನೀರು ಬಿಟ್ಟಾಗ, ದೋಣಿ ಬಂದಾಗ ಬರಬೇಕು. ಗ್ರೀಸಿನಲ್ಲೂ ಜುಲೈ ಆಗಸ್ಟಿನಲ್ಲಿ ಉತ್ತರದ ಗಾಳಿ ಎದ್ದರೆ ಬಂದರಿನವರು ಹಡಗು ಬಿಡೋದಿಲ್ಲ. ಎಂಥಾ ಸಾಹುಕಾರನಾದರೂ ದಡದಲ್ಲಿ ಪೆಟ್ಟಿಗೆ ಮೇಲೆ ಕೂತಿರಬೇಕು. ಈ ವಿದ್ಯೆ ಕಲಿಯೋಕೆ ವಿಮಾನ ಹತ್ತಬೇಕೇನ್ರಪಾ? ನಮ್ಮ ರಾಯಚೂರು ಜಿಲ್ಲೆಯ ಕೃಷ್ಣೆಯಲ್ಲೇ ದ್ವೀಪಗಳಿವೆ. ನಾವು 'ಗಡ್ಡಿ' ಅಂತೀವಿ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿಲ್ಲ! ಲಿಂಗಸುಗೂರು ಕಡೆ ಕೋಟೆ ಹೊತ್ತು ನಿಂತ ಜಲದುರ್ಗ, ಚೆನ್ನಬಸವೇಶ್ವರನ ಗುಡಿಯಿರುವ ನಾರದಗಡ್ಡೆ, ಶ್ರೀಪಾದ ಶ್ರೀವಲ್ಲಭರ ಕುರ್ವಾಪುರ. ಮೊದಲ ಸಲಕ್ಕೆ ನಾನು ಹೇಳೋದು ಕುರ್ವಾಪುರ.

ಮಾನ್ವಿಯವರು ಸಿಂಧನೂರಿಂದ ಬರುವ ಬೆಳಗಿನ ಬಸ್ಸು ಹಿಡಿಯಿರಿ. ದೇವದುರ್ಗದವರು ಗಬ್ಬೂರು ಮಾರ್ಗ. ಎಲ್ಲರೂ ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಸೇರಿ, ಚಾ ಕುಡಿದು, ಆತ್ಕೂರು ಕಡೆಯ ಬಸ್ಸು ಯಾವುದು ಎಂದು ವಿಚಾರಿಸಿ. ಬಸ್ಸಿಳಿದ ಮೇಲೆ ಹೊಳೆ ದಂಡೆ, ಅಲ್ಲಿಂದ ದೋಣಿ. ಹೊಳೆಯ ಆಚೆ ತೆಲಂಗಾಣ, ಮಕ್ತಲ್ ಕಡೆ. ನಡುವೆ ನೀವು!

ಯಾವಾಗ ಹೋಗಬೇಕು? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ನವೆಂಬರಿನಿಂದ ಫೆಬ್ರವರಿವರೆಗೆ ಹೋಗಿ. ಏಪ್ರಿಲ್ ಮೇನಲ್ಲಿ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ, ಬಂಡೆ ಮೇಲೆ ರೊಟ್ಟಿ ಬಡಿಯಬಹುದು. ದತ್ತ ಜಯಂತಿ, ಗುರುದ್ವಾದಶಿ ದಿನ ದೋಣಿಗೆ ಜನವೋ ಜನ. ತಿರುಗಾಟಕ್ಕೆ ಹೋಗೋರು ಆ ದಿನ ಬಿಡಿ. ಜುಲೈಯಿಂದ ಸೆಪ್ಟೆಂಬರ್ ಮಾತ್ರ ಬೇಡವೇ ಬೇಡ. ಯಾಕೆಂದರೆ ಇಲ್ಲಿ ಮಳೆ ಬರದಿದ್ದರೂ ಹೊಳೆ ಬರುತ್ತೆ! ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದದ್ದು ಆಲಮಟ್ಟಿಗೆ ಬಂದು, ಅಲ್ಲಿಂದ ನಾರಾಯಣಪುರಕ್ಕೆ ಇಳಿದು, ಗೇಟು ಎತ್ತಿದರೆ ನಮ್ಮ ಕಡೆಗೆ. ನಮ್ಮೂರಿನ ಆಕಾಶ ನೀಲಿಯಾಗಿ ನಗುತ್ತಾ ಇರುತ್ತೆ, ಕೆಳಗೆ ನೀರು ಕೆಂಪಾಗಿರುತ್ತೆ.

ಪೇಪರಿನಲ್ಲಿ 'ಒಂದು ಲಕ್ಷ ಕ್ಯುಸೆಕ್' ಅಂತ ಓದಿ ಪುಟ ತಿರುಗಿಸ್ತೀರಲ್ಲ, ಅದರ ಲೆಕ್ಕ ಕೇಳಿ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು. ಒಂದು ಲಕ್ಷ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರು. ಹತ್ತು ಸಾವಿರ ಲೀಟರಿನ ಟ್ಯಾಂಕರು 280, ಒಂದು ಚಿಟಿಕೆ ಹೊಡೆಯೋದರೊಳಗೆ! 2019ರ ಆಗಸ್ಟಿನಲ್ಲಿ ದೇವದುರ್ಗದವರು ನೋಡಿದ್ದಾರೆ, ಹೂವಿನಹೆಡಗಿ ಸೇತುವೆ ಎಲ್ಲಿತ್ತು ಅನ್ನೋದೇ ಗೊತ್ತಾಗದ ಹಾಗೆ ಹೊಳೆ ಹರಿದದ್ದನ್ನು. ಆದ್ದರಿಂದ ಹೊರಡುವ ಹಿಂದಿನ ರಾತ್ರಿ ನಾರಾಯಣಪುರದಿಂದ ಎಷ್ಟು ನೀರು ಬಿಟ್ಟಿದ್ದಾರೆ ನೋಡಿ. ನದಿಪಾತ್ರಕ್ಕೆ ಇಳಿಯಬೇಡಿ ಅಂತ ಜಿಲ್ಲಾಡಳಿತ ಹೇಳಿದ್ದರೆ ಚೀಲ ಬಿಚ್ಚಿಬಿಡಿ. ದಂಡೆಯ ಮೇಲೆ ಅಂಬಿಗ "ಇವತ್ತು ಬ್ಯಾಡ್ರಿ" ಅಂದರೆ ಬೇಡ. ಅವನ ಹತ್ತಿರ ವಾದ ಮಾಡಿ, ನೂರು ರೂಪಾಯಿ ಜಾಸ್ತಿ ಕೊಟ್ಟು, ಮೀಸೆ ತಿರುವಬೇಡಿ.

ಹರಿಗೋಲು, ಅಂದರೆ ನಮ್ಮ ತೆಪ್ಪ, ನೋಡೋಕೆ ಬುಟ್ಟಿ. ದುಂಡಗಿರೋದರಿಂದ ಹಿಂದು ಮುಂದು ಇಲ್ಲ, ತಳಕ್ಕೆ ಹಡಗಿನ ಹಾಗೆ ಬೆನ್ನೆಲುಬಿಲ್ಲ. ಭಾರ ಒಂದು ಕಡೆ ಸರಿದರೆ ಅದೂ ಅದೇ ಕಡೆ ಬಗ್ಗುತ್ತೆ. ನಡುಮಟ್ಟ ನೀರಿಗೆ ಕೈ ಹಾಕಿ ಹೀರೋ ಥರ ಎದ್ದು ನಿಂತು, ಕೂಲಿಂಗ್ ಗ್ಲಾಸ್ ಹಾಕಿ, "ಲೇ, ರೀಲ್ ಹಿಡಿಯೋ" ಅನ್ನುವ ಹುಡುಗರನ್ನು ನಾನೇ ನೋಡಿದೀನಿ. ಒಬ್ಬ ಎದ್ದರೆ ಉಳಿದ ಏಳು ಜನರ ಜೀವ ಅವನ ಕಾಲಡಿ ಇರುತ್ತೆ. ತಳದಲ್ಲಿ ಕೂತುಕೊಳ್ಳಿ, ಸುತ್ತ ಸಮನಾಗಿ. ಬೂಟು ಬಿಚ್ಚಿ. ಲೈಫ್ ಜಾಕೆಟ್ ಕೇಳಿ. ಇಲ್ಲ ಅಂದರೆ ಮುಂದಿನ ದೋಣಿ. ನಿಮ್ಮದೇ ಒಂದು ಕೊಂಡಿದ್ದರೆ ಇನ್ನೂ ಒಳ್ಳೇದು. ಆರು ಜನ ಸೇರಿ ಕಟೌಟಿಗೆ ಹಾರ ಹಾಕುವ ದುಡ್ಡಿನಲ್ಲಿ ಎರಡು ಬರಬಹುದು.

ಜಾಕೆಟ್ ಅಂದ ಕೂಡಲೇ ನಗುವವರಿಗೆ ಒಂದು ಮಾತು. 2016ರ ನವೆಂಬರ್ 7, 'ಮಾಸ್ತಿಗುಡಿ' ಚಿತ್ರೀಕರಣ, ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯ. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಖಳನಟರಾದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಕಟ್ಟುಮಸ್ತಾದ ಮೈ, ದಿನಾ ಜಿಮ್ಮು, ಆದರೆ ಮೈಮೇಲೆ ಜಾಕೆಟ್ ಇರಲಿಲ್ಲ. ಸಿನಿಮಾ ಪತ್ರಿಕೆ ಓದುವ ನಾವು ಅದನ್ನು ಮರೆಯೋ ಹಾಗಿಲ್ಲ. ನಮ್ಮ ಕಡೆಯದೂ ಇದೆ. 2020ರ ಆಗಸ್ಟಿನಲ್ಲಿ ಕುರ್ವಕಲಾ ಬಳಿ ತೆಪ್ಪ ಮಗುಚಿ ನಾಲ್ಕು ಜನ ನೀರುಪಾಲಾದರು. ಅವರು ರಜೆಗೆ ಹೋದವರಲ್ಲ, ನಡುಗಡ್ಡೆಯಲ್ಲೇ ಬದುಕುವ ಜನ, ಹೊಳೆ ದಾಟದೆ ಅವರಿಗೆ ಬೇರೆ ದಾರಿ ಇರಲಿಲ್ಲ. ನಿಮಗೂ ನನಗೂ ದಾರಿ ಇದೆ, ಇನ್ನೊಂದು ದಿನ ಬರೋದು.

ನೀರಿಗಿಳಿದು ಈಜುವ ಆಸೆ ಬೇಡ. ಕೃಷ್ಣೆಯಲ್ಲಿ ಮೊಸಳೆ ಇವೆ, ಫ್ಯಾನ್ ಯಾರು ಹೀರೋ ಯಾರು ಅಂತ ಅವು ನೋಡೋದಿಲ್ಲ.

ಉಳಿದದ್ದು ಸಣ್ಣ ಸಣ್ಣದು. ಫೋನು, ದುಡ್ಡು, ಬೆಂಕಿಪೊಟ್ಟಣ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ. ಚಿಲ್ಲರೆ ನೋಟು ಇರಲಿ, ಹೊಳೆ ನಡುವೆ ಸಿಗ್ನಲ್ ನಂಬಬೇಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಎರಡು ದಿನ ಕೆಡೋದಿಲ್ಲ, ಅವ್ವನ ಹತ್ತಿರ ಮಾಡಿಸಿಕೊಳ್ಳಿ. ರಾತ್ರಿ ಉಳಿಯೋ ಮನಸ್ಸಿದ್ದರೆ ಅರ್ಚಕರ ಮನೆಗಳಲ್ಲಿ ಊಟ ವಸತಿಗೆ ಮೊದಲೇ ಫೋನು ಮಾಡಿ ಕೇಳಿ. ಬಾಟಲಿ, ಸಿಗರೇಟು, ಲೌಡ್‌ಸ್ಪೀಕರು ಮನೆಯಲ್ಲಿಡಿ. ಗುರುಚರಿತ್ರೆ ಪಾರಾಯಣಕ್ಕೆ ದೂರದಿಂದ ಬಂದವರು ಆಲದ ಮರದ ಕೆಳಗೆ ಕೂತಿರುತ್ತಾರೆ, ಅವರ ಪಕ್ಕ ನಿಂತು ಡೈಲಾಗು ಹೊಡೆದರೆ ಚಪ್ಪಾಳೆ ಬೀಳೋದಿಲ್ಲ.

ದೋಣಿಯಿಂದ ಇಳಿಯುವಾಗಲೇ ಕೊನೆ ದೋಣಿ ಎಷ್ಟೊತ್ತಿಗೆ ಅಂತ ಕೇಳಿಟ್ಟುಕೊಳ್ಳಿ, ಅದಕ್ಕಿಂತ ಒಂದು ದೋಣಿ ಮುಂಚೆ ಹತ್ತಿ. ಕತ್ತಲಲ್ಲಿ ಹೊಳೆ ದಾಟಬೇಡಿ. ಬೆಳಕಿರುವಾಗ ಈ ದಂಡೆಗೆ ಬಂದು ಬಸ್ಸು ಹಿಡಿದರೆ ರಾಯಚೂರಿನಲ್ಲಿ ಮುಖ ತೊಳೆದು, ಮಿರ್ಚಿ ಭಜ್ಜಿ ತಿಂದು, ಎರಡನೇ ಆಟದ ಟೈಟಲ್ ಬೀಳೋ ಹೊತ್ತಿಗೆ ಟಾಕೀಸಿನೊಳಗೆ ಇರಬಹುದು. ದ್ವೀಪದ ಹಾಡು ಬಂದರೆ ವಿಷಲ್ ಹೊಡೀರಿ, ಯಾರೂ ಬೇಡ ಅನ್ನೋದಿಲ್ಲ.