ಗೊತ್ತಿಲ್ಲದ ನಂಬರಿನ ಕರೆ ಎತ್ತಬೇಕೇ?



ಗೊತ್ತಿಲ್ಲದ ನಂಬರಿನ ಕರೆ ಎತ್ತಲೇಬೇಡಿ ಎನ್ನುತ್ತಾರೆ. ಹನೂರಿನ ನಮ್ಮ ಅತ್ತೆ ಹಾಗೆಯೇ ಬಿಟ್ಟರು. ಕರೆ ಆಸ್ಪತ್ರೆಯದು, ಮಾವನ ಆಪರೇಷನ್ ಮುಂದಕ್ಕೆ ಹೋಗಿತ್ತು. ಗೊತ್ತಿಲ್ಲದೆ ಹಾಸಿಗೆ ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಮೈಸೂರಿಗೆ ಹೋಗಿ ವಾಪಸಾದರು.

ಯಳಂದೂರಿನ ನನ್ನ ಗೆಳೆಯ ಎತ್ತಿದ. ‘ಪೊಲೀಸ್’ ಎಂದವನಿಗೆ ಹೆದರಿ ಎರಡು ಗಂಟೆ ವಿಡಿಯೋ ಮುಂದೆ ಕೂತ. ಕಾಫಿ ಲೋಟದಲ್ಲೇ ಕೆನೆಗಟ್ಟಿತ್ತು. ಹೀಗೆ ವಿಡಿಯೋ ಮುಂದೆ ಕೂರಿಸುವ ‘ಡಿಜಿಟಲ್ ಅರೆಸ್ಟ್’ ಯಾವ ಕಾನೂನಿನಲ್ಲೂ ಇಲ್ಲ!

ನಾನಂತೂ ಎತ್ತುತ್ತೇನೆ. ಒಟಿಪಿ, ಆಧಾರ್ ಕೇಳಿದ ತಕ್ಷಣ ಇಟ್ಟುಬಿಡುತ್ತೇನೆ. ಹೀಗೆ ಹಣ ಕಳೆದುಕೊಂಡವರು ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಬೇಕು. ಬ್ಯಾಂಕುಗಳಿಗೆ 1600ರಿಂದ ಶುರುವಾಗುವ ನಂಬರ್ ಇರುವಂತೆ ಆಸ್ಪತ್ರೆಗಳಿಗೂ ಗುರುತಿನ ನಂಬರ್ ಕೊಡಲಿ. ಹನೂರು, ಯಳಂದೂರು, ಕೊಳ್ಳೇಗಾಲ ಮೂರೂ ತಾಲ್ಲೂಕಿನ ಪೊಲೀಸರು ಸಂತೆಯ ದಿನ ಮೈಕಿನಲ್ಲಿ ಈ ಎಚ್ಚರಿಕೆಗಳನ್ನು ಸಾರಲಿ.

– ಓದುಗ, ಕೊಳ್ಳೇಗಾಲ